ಕಲ್ಲು ಎಸೆದು ಬರೆದ ರಿಪೋರ್ಟು

1/9

ಮೊದಲನೇ ಫೋಟೋದಲ್ಲಿ ಇರೋದು ನಮ್ಮ ಬೋರೆ. ಬೇರೆ ಕಡೆಯವರಿಗೆ ಒಂದು ಮಾತು: ಹುಣಸೂರು ಸೀಮೆಯಲ್ಲಿ ನೀರು ನಿಲ್ಲದ, ದಿಬ್ಬದ ಮೇಲಿನ ಒಣಭೂಮಿಗೆ ಬೋರೆ ಅಂತೀವಿ. ಬೋರ್‌ವೆಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಇರೋದು ಎರಡು ಎಕರೆ. ಮೇಲ್ಗಡೆ ಊರ ಗೋಮಾಳ, ಪಕ್ಕದಲ್ಲಿ ದೊಡ್ಡಪ್ಪನ ಹೊಲ. ಫೋಟೋದಲ್ಲಿ ಬೆಳ್ಳಗೆ ಚುಕ್ಕೆ ಚುಕ್ಕೆ ಕಾಣ್ತಿರೋದು ಹೂವಲ್ಲ, ಬೆಣಚುಕಲ್ಲು.

ಚಿಕ್ಕವಳಿದ್ದಾಗ ಕರೆಂಟ್ ಹೋದ ರಾತ್ರಿ ಈ ಕಲ್ಲನ್ನ ಎರಡು ತಂದು, ಕಂಬಳಿ ಹೊದ್ಕೊಂಡು, ಒಂದಕ್ಕೊಂದು ಉಜ್ಜುತ್ತಿದ್ದೆವು. ಒಳಗೆ ಹಳದಿ ಬೆಳಕು ಮಿಣಕ್ ಅನ್ನೋದು, ಸುಟ್ಟ ವಾಸನೆ ಬರೋದು. ಈ ಹೊಲದಿಂದ ನಮಗೆ ಸಿಕ್ಕಿದ ದೊಡ್ಡ ಲಾಭ ಅದೇ ಅಂತ ಅಮ್ಮ ಇವತ್ತಿಗೂ ರೇಗಿಸ್ತಾರೆ. ಅಜ್ಜ ಇದ್ದಾಗ ಹುರುಳಿ, ಹುಚ್ಚೆಳ್ಳು ಚೆಲ್ಲುತ್ತಿದ್ದರಂತೆ. ಆಮೇಲೆ ಅದೂ ನಿಂತು, ಅಜ್ಜಿಯ ಎರಡು ಹಸು ಮೇಯೋ ಜಾಗ ಆಗಿ ಉಳಿದಿದೆ.

ಅಗ್ರಿ ಬಿಎಸ್ಸಿ ಎರಡನೇ ವರ್ಷದಲ್ಲಿರೋ ನಾನು, ಈ ಹೊಲದ ಮಣ್ಣಿನ ವಿಷಯದಲ್ಲಿ ಅಪ್ಪನಿಗೆ ತಪ್ಪು ಮಾಹಿತಿ ಕೊಟ್ಟೆ. ಸುಳ್ಳು ಹೇಳಿ ಅಲ್ಲ. ಪಾಠದಲ್ಲಿ ಹೇಳಿಕೊಟ್ಟ ಹಾಗೆ ಸರಿಯಾಗಿ ಮಾಡಿ. ಆ ಕಥೆ ಇದು. ಒಂಬತ್ತು ಪೋಸ್ಟ್ ಆಗುತ್ತೆ, ಕ್ಯಾಪ್ಷನ್‌ಗೆ ಇಷ್ಟೇ ಅಕ್ಷರ ಅಂತ ಲಿಮಿಟ್ ಇದೆಯಲ್ಲ.

2/9

ಸಂಕ್ರಾಂತಿ ರಜೆಗೆ ಬಂದಾಗ ಮಣ್ಣಿನ ಮಾದರಿ ತೆಗೆದೆ. ಕ್ಲಾಸ್‌ಮೇಟ್ಸ್‌ಗೆಲ್ಲ ಇದು ಬಾಯಿಪಾಠ: ಹೊಲದಲ್ಲಿ ಅಂಕುಡೊಂಕಾಗಿ ನಡೀಬೇಕು, ಎಂಟ್ಹತ್ತು ಕಡೆ ‘ವಿ’ ಆಕಾರದ ಗುಂಡಿ ತೆಗೀಬೇಕು, 15 ಸೆಂ.ಮೀ. ಆಳದವರೆಗಿನ ಮಣ್ಣನ್ನ ಒಂದೇ ದಪ್ಪಕ್ಕೆ ಕೆರೆದು ತಗೋಬೇಕು. ಎಲ್ಲಾ ಸೇರಿಸಿ ಗೋಣಿತಾಟಿನ ಮೇಲೆ ಹರಡಿ, ಕಸ ಕಡ್ಡಿ ಕಲ್ಲು ಆರಿಸಿ, ನಾಲ್ಕು ಪಾಲು ಮಾಡಿ, ಎದುರುಬದುರು ಪಾಲು ಬಿಸಾಕಿ, ಅರ್ಧ ಕೆಜಿ ಉಳಿಯೋವರೆಗೆ ಹೀಗೇ ಮಾಡಬೇಕು.

“ಕಲ್ಲು ಆರಿಸಿ” ಅನ್ನೋ ಎರಡು ಪದ ನೋಡಿದ್ರಲ್ಲ? ನಾನು ಆರಿಸಿದೆ. ನೀಟಾಗಿ ಆರಿಸಿದೆ. ಬಕೆಟ್ ತುಂಬ ಕಲ್ಲು ಬದುವಿನ ಮೇಲೆ ಸುರಿದೆ. ಉಳಿದ ಮಣ್ಣು ಎಷ್ಟು ಚೆಂದ ಇತ್ತು ಅಂದ್ರೆ, ಕೆಂಪಗೆ, ನುಣ್ಣಗೆ, ಕುಂಕುಮದ ಹಾಗೆ. ಲ್ಯಾಬ್‌ನವರೂ ಬಂದ ಮಣ್ಣನ್ನ 2 ಮಿ.ಮೀ. ಜರಡಿ ಹಿಡಿದೇ ಪರೀಕ್ಷೆ ಮಾಡೋದು. ಅದರಲ್ಲಿ ಅವರ ತಪ್ಪಿಲ್ಲ, ಮಣ್ಣು ಅಂದ್ರೇನೆ ವಿಜ್ಞಾನದಲ್ಲಿ 2 ಮಿ.ಮೀ.ಗಿಂತ ಸಣ್ಣದು. ಅದಕ್ಕಿಂತ ದೊಡ್ಡದೆಲ್ಲ ‘ಒರಟು ಚೂರು’, ಲೆಕ್ಕಕ್ಕೆ ಬೇರೆ.

ಮಾರ್ಚ್‌ನಲ್ಲಿ ಸಾಯಿಲ್ ಹೆಲ್ತ್ ಕಾರ್ಡ್ ಬಂತು. 2015ರಲ್ಲಿ ಶುರುವಾದ ಕೇಂದ್ರದ ಯೋಜನೆ ಅದು. ಕಾರ್ಡಲ್ಲಿ ಹನ್ನೆರಡು ಅಂಶ ಇರ್ತವೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಆಮೇಲೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ನಮ್ಮದರಲ್ಲಿ ಸುಮಾರು ಸಾಲಿಗೆ ‘ಮಧ್ಯಮ’ ಅಂತ ಬಂದಿತ್ತು.

ಹನ್ನೆರಡರಲ್ಲಿ ಕಲ್ಲು ಇಲ್ಲ. ಆಳವೂ ಇಲ್ಲ.

3/9

ಅಪ್ಪ ಕಾರ್ಡನ್ನ ಪ್ಲಾಸ್ಟಿಕ್ ಕವರ್ ಒಳಗೆ ಹಾಕಿ, ದೇವರ ಫೋಟೋ ಹಿಂದೆ ಇಟ್ಟರು. ಪಾಸ್‌ಬುಕ್ ಇಡೋ ಜಾಗ ಅದು.

ಯುಗಾದಿಗೆ ಹೋದಾಗ ಗೊತ್ತಾಯ್ತು, ಪ್ಲಾನ್ ಆಗಲೇ ಮುಂದೆ ಹೋಗಿಬಿಟ್ಟಿದೆ. ಜೆಸಿಬಿ ತರಿಸಿ ಎರಡೂ ಎಕರೆಯ ಕಲ್ಲು ಎತ್ತಿಸೋದು, ಕೆಳಗಿನ ಹೊಲದ ಬೋರಿಂದ ಪೈಪ್ ಎಳೆಯೋದು, ಶುಂಠಿ ಹಾಕೋದು. ಎಚ್.ಡಿ. ಕೋಟೆ, ಹುಣಸೂರು ಕಡೆ ಕೇರಳದವರು ಭೂಮಿ ಗುತ್ತಿಗೆ ಹಿಡಿದು ಶುಂಠಿ ಬೆಳೆಯೋದನ್ನ ನಮ್ಮವರು ವರ್ಷಾನುಗಟ್ಟಲೆ ನೋಡ್ತಾ ಇದ್ದಾರೆ. ಪಕ್ಕದ ಹೊಲದಲ್ಲಿ ದುಡ್ಡು ಬೆಳೀತಾ ಇದ್ರೆ ಯಾರಿಗೆ ತಾನೇ ನಿದ್ದೆ ಬರುತ್ತೆ? ಖರ್ಚಿಗೆ ಅಮ್ಮನ ಸರ ಅಡ ಇಡೋದು, ಸಾಲದಿದ್ರೆ ಅಜ್ಜಿಯ ಹಸು.

ನಾನು, “ಅಪ್ಪಾ, ಆ ಕಲ್ಲು ಭೂಮೀಲಿ ಶುಂಠಿ ಬರುತ್ತಾ?” ಅಂದೆ.

“ನೀನೇ ತಾನೇ ಕನವ್ವ ಮಣ್ಣು ಕಳ್ಸಿದ್ದು? ಮಧ್ಯಮ ಅಂತ ಬರ್ದವ್ರೆ. ಕೆಳಗಿನ ಹೊಲ್ದಲ್ಲೂ ಅಷ್ಟೇ ಬಂದದೆ. ಮಣ್ಣು ಒಂದೇ, ಮೇಲೆ ಒಸಿ ಕಲ್ಲದೆ. ಎತ್ತುದ್ರೆ ಆಯ್ತು.”

ನನ್ನ ಹತ್ರ ಉತ್ತರ ಇರಲಿಲ್ಲ. ಅಪ್ಪ ಹೇಳಿದ್ರಲ್ಲಿ ತರ್ಕ ತಪ್ಪಿರಲಿಲ್ಲ. ಕಾರ್ಡ್ ಪ್ರಕಾರ ಎರಡೂ ಹೊಲ ಒಂದೇ. ರಾತ್ರಿ ಮಲಗಿದಾಗ ಬದುವಿನ ಮೇಲೆ ಸುರಿದ ಬಕೆಟ್ ಕಲ್ಲೇ ಕಣ್ಣ ಮುಂದೆ ಬರ್ತಾ ಇತ್ತು. ಅಪ್ಪನ ಕೈಗೆ ಆ ಕಾಗದ ಕೊಟ್ಟವಳು ನಾನೇ.

4/9

ಎರಡನೇ ಫೋಟೋ: ಗುಂಡಿ, ಪ್ಲಾಸ್ಟಿಕ್ ಹಾಳೆ, ಬಿಂದಿಗೆ, ಅಜ್ಜಿಯ ಒಂದರಿ.

ಜೆಸಿಬಿ ಬರೋಕೆ ಇನ್ನೂ ಹತ್ತು ದಿನ ಇತ್ತು. ಮೇಲ್ಗಡೆ ಒಂದು, ಕೆಳಗಡೆ ಒಂದು ಗುಂಡಿ ತೆಗೀಬೇಕು ಅಂತ ಹೊರಟೆ. ಮೇಲಿನ ಗುಂಡಿಯಲ್ಲಿ ಗುದ್ದಲಿ ಇಟ್ಟ ಕಡೆಯೆಲ್ಲ ಕಿಡಿ. ಹಾರೆ ತಂದೆ. ಮೊದಲ ಹನ್ನೊಂದು ಸೆಂ.ಮೀ. ಕಂದುಗೆಂಪು, ಬೇರು ತುಂಬಿದ ಮಣ್ಣು. ಅದರ ಕೆಳಗೆ ಸ್ವಲ್ಪ ಅಂಟು ಜಾಸ್ತಿ, ಕಲ್ಲೂ ಜಾಸ್ತಿ. 34ಕ್ಕೆ ಹಾರೆ ‘ಠಣ್’ ಅಂತು. ಬಂಡೆ. ಎರಡಡಿ ಪಕ್ಕಕ್ಕೆ ಹೋಗಿ ಹಾಕಿದೆ, 31ಕ್ಕೆ ಠಣ್. ಅಲ್ಲೇ ಕೂತ್ಕೊಂಡುಬಿಟ್ಟೆ.

ಆಮೇಲೆ ಕಲ್ಲು ಅಳೆದೆ. ಇದನ್ನ ನೀವೂ ಮಾಡಬಹುದು, ಲ್ಯಾಬ್ ಬೇಕಾಗಿಲ್ಲ. ಒಂದಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಬಂದ ಮಣ್ಣು ಕಲ್ಲು ಎಲ್ಲಾ ತಾಟಿನ ಮೇಲೆ ಹಾಕಿ, ಒಂದು ಹರಳೂ ಎಸೀಬೇಡಿ. ಗುಂಡಿಗೆ ತೆಳು ಪ್ಲಾಸ್ಟಿಕ್ ಹಾಸಿ ನೀರು ತುಂಬಿ, ಎಷ್ಟು ಲೀಟರ್ ಹಿಡೀತು ಬರ್ಕೊಳ್ಳಿ. ನಂದು 27 ಹಿಡೀತು. ಈಗ ಒಣಗಿದ ಮಣ್ಣನ್ನ ಜರಡಿ ಹಿಡೀರಿ. 2 ಮಿ.ಮೀ. ಜರಡಿ ಎಲ್ಲಿಂದ ತರೋದು? ಅಜ್ಜಿಯ ರಾಗಿ ಒಂದರಿ ಇದೆಯಲ್ಲ. ರಾಗಿಕಾಳು ಇಳಿಯೋ ತೂತು ಹೆಚ್ಚುಕಮ್ಮಿ ಅಷ್ಟೇ. ರಾಗಿ ಜೊತೆ ಇಳಿಯೋದು ಮಣ್ಣು, ಒಂದರಿಯಲ್ಲಿ ಉಳಿಯೋದು ಕಲ್ಲು. ಉಳಿದ ಕಲ್ಲನ್ನ ತೊಳೆದು, ತುಂಬಿದ ಬಕೆಟ್ ನೀರಿಗೆ ಹಾಕಿ, ಚೆಲ್ಲಿದ ನೀರು ಅಳೆಯಿರಿ. ಅಷ್ಟು ಜಾಗ ಕಲ್ಲಿಂದು.

ನಂದು ಸುಮಾರು ಹನ್ನೆರಡೂವರೆ ಲೀಟರ್ ಚೆಲ್ಲಿತು. 27ರಲ್ಲಿ ಹನ್ನೆರಡೂವರೆ ಅಂದ್ರೆ ನೂರಕ್ಕೆ 46. ತೂಕದಲ್ಲಿ ನೋಡಿದ್ರೆ ಕಲ್ಲು ಅರವತ್ತು ದಾಟುತ್ತೆ, ಕಲ್ಲು ಭಾರ ಅಲ್ವಾ. ಆದ್ರೆ ವರ್ಗೀಕರಣಕ್ಕೆ ಬೇಕಾಗಿರೋದು ಜಾಗದ ಲೆಕ್ಕ.

ಒಂದರಿ ಹಾಳಾಯ್ತು ಅಂತ ಅಜ್ಜಿ ಎರಡು ದಿನ ಮಾತಾಡಲಿಲ್ಲ.

5/9

ಈಗ ಹೆಸರಿಡೋ ಶಾಸ್ತ್ರ. ಎಕ್ಸಾಮ್‌ಗೆ ಉರು ಹೊಡೆದು ಮರೆತಿದ್ದು ಇಲ್ಲಿ ಕೆಲಸಕ್ಕೆ ಬಂತು.

ನಮ್ಮ ಹೆಸರುಗಳು ಹೇಗೆ? ಊರು, ಅಪ್ಪನ ಹೆಸರು, ಆಮೇಲೆ ನಾವು. ಅಮೆರಿಕದ ಕೃಷಿ ಇಲಾಖೆಯವರು 1975ರಲ್ಲಿ ಪುಸ್ತಕ ಮಾಡಿದ ಸಾಯಿಲ್ ಟ್ಯಾಕ್ಸಾನಮಿ ಪದ್ಧತಿಯಲ್ಲಿ ಮಣ್ಣಿಗೂ ಹೀಗೇ, ಒಂದೇ ಹೆಸರಲ್ಲಿ ವಂಶಾವಳಿ ಪೂರ್ತಿ ಇರುತ್ತೆ, ಆದರೆ ಹಿಂದಿನಿಂದ ಓದಬೇಕು. ಭಾರತದಲ್ಲೂ ಅದೇ ಪದ್ಧತಿ. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷೆ ಮತ್ತು ಭೂಬಳಕೆ ಯೋಜನಾ ಸಂಸ್ಥೆ, ಅದರ ಬೆಂಗಳೂರು ಹೆಬ್ಬಾಳದ ಕೇಂದ್ರ, ಎಲ್ಲಾ ಕಡೆ.

ಮೇಲಿನ ಗುಂಡಿ: ಲಿಥಿಕ್ ಉಸ್ಟಾರ್ಥೆಂಟ್. ಕೊನೆಯ ‘ಎಂಟ್’ ಅಂದ್ರೆ ಎಂಟಿಸಾಲ್, ಇನ್ನೂ ಪದರ ಕಟ್ಟದ ಎಳೆಯ ಮಣ್ಣು. ‘ಆರ್ಥ್’ ಆ ಗುಂಪಿನ ಸಾಮಾನ್ಯ ಸದಸ್ಯ. ‘ಉಸ್ಟ್’ ಅಂದ್ರೆ ಸುಟ್ಟದ್ದು ಅನ್ನೋ ಲ್ಯಾಟಿನ್ ಪದದಿಂದ ಬಂದಿದ್ದು, ಮಳೆಗಾಲದಲ್ಲಿ ಹಸಿ, ವರ್ಷದ ಉಳಿದ ಒಂದಷ್ಟು ಕಾಲ ಒಣಗೋ ಮಣ್ಣು. ‘ಲಿಥಿಕ್’ ಅಂದ್ರೆ 50 ಸೆಂ.ಮೀ. ಒಳಗೆ ಗಟ್ಟಿ ಬಂಡೆ ಸಿಗುತ್ತೆ ಅಂತ. ಗುದ್ದಲಿಗೆ ಉದುರೋ ಕೊಳೆತ ಬಂಡೆ ಆದ್ರೆ ಲಿಥಿಕ್ ಅನ್ನೋ ಹಾಗಿಲ್ಲ, ಠಣ್ ಅನ್ನಲೇಬೇಕು. ಇದರ ಮುಂದೆ ಮನೆತನದ ಹೆಸರು: ಲೋಮಿ-ಸ್ಕೆಲಿಟಲ್. ಸ್ಕೆಲಿಟಲ್ ಅಂದ್ರೆ ಅಸ್ಥಿಪಂಜರ. ಜಾಗದ ಲೆಕ್ಕದಲ್ಲಿ ನೂರಕ್ಕೆ 35 ಅಥವಾ ಅದಕ್ಕಿಂತ ಜಾಸ್ತಿ ಕಲ್ಲಿದ್ರೆ ಈ ಬಿರುದು. ನಮ್ಮದು 46, ಆರಾಮಾಗಿ ಪಾಸು. ಜೊತೆಗೆ ಐಸೋಹೈಪರ್‌ಥರ್ಮಿಕ್ ಅಂತ ಒಂದು ಬಾಲ ಇದೆ. ನೆಲದೊಳಗಿನ ವರ್ಷದ ಸರಾಸರಿ ಬಿಸಿ 22 ಡಿಗ್ರಿ ಅಥವಾ ಹೆಚ್ಚು, ಚಳಿಗಾಲಕ್ಕೂ ಬೇಸಿಗೆಗೂ 6 ಡಿಗ್ರಿ ವ್ಯತ್ಯಾಸವೂ ಇಲ್ಲ ಅಂತ ಅರ್ಥ.

ತಮಾಷೆ ನೋಡಿ. ಅಡಿಯಲ್ಲಿರೋ ಬಂಡೆಗೆ 300 ಕೋಟಿ ವರ್ಷದ ಆಸುಪಾಸು. ನಮ್ಮ ಎಚ್.ಡಿ. ಕೋಟೆ ಕಡೆಯ ಸರಗೂರು ಹೆಸರಲ್ಲೇ ಭೂಗರ್ಭಶಾಸ್ತ್ರದವರು ಒಂದು ಶಿಲಾ ಸಮೂಹಕ್ಕೆ ಹೆಸರಿಟ್ಟಿದ್ದಾರೆ, ದೇಶದ ಬಲು ಹಳೇ ಕಲ್ಲುಗಳಲ್ಲಿ ಅವೂ ಸೇರಿವೆ. ಅಷ್ಟು ಮುದಿ ಬಂಡೆಯ ಮೇಲೆ ಕೂತಿರೋ ಮಣ್ಣಿಗೆ ‘ಎಳೆಯದು’ ಅಂತ ಹೆಸರು. ಯಾಕಂದ್ರೆ ಇಳಿಜಾರು. ಬಂಡೆ ಕೊಳೆತು ಮಣ್ಣಾದ ಹಾಗೆಲ್ಲ ಮಳೆ ಅದನ್ನ ಕೆಳಗೆ ಒಯ್ದಿದೆ. ಬೆಣಚುಕಲ್ಲು ಮಾತ್ರ ಕೊಳೆಯೋದೂ ಇಲ್ಲ, ಕೊಚ್ಚಿಹೋಗೋದೂ ಇಲ್ಲ.

ಕೊಚ್ಚಿಹೋಗಿದ್ದು ಎಲ್ಲಿಗೆ ಹೋಯ್ತು? ಕೆಳಗಿನ ಗುಂಡಿಗೆ. ಅಲ್ಲಿ ಮೇಲಿನ ಒಂದು ಗೇಣು ಬಿಟ್ರೆ ಕಲ್ಲು ಕಮ್ಮಿ. 90 ಸೆಂ.ಮೀ. ತೋಡಿದ್ರೂ ಕೆಂಪು ಕೆಬ್ಬೆ. ಹೆಂಟೆ ಮುರಿದು ಬಿಸಿಲಿಗೆ ಹಿಡಿದ್ರೆ ಒಳಮೈ ಮೇಣ ಸವರಿದ ಹಾಗೆ ಹೊಳೀತಿತ್ತು. ನೀರಿನ ಜೊತೆ ಇಳಿದ ಜೇಡಿ ಪದರ ಪದರವಾಗಿ ಅಂಟಿಕೊಂಡಿರೋ ಗುರುತು ಅದು. ಅಂದ್ರೆ ಇದು ಆಲ್ಫಿಸಾಲ್, ಬಣ್ಣ ನೋಡಿದ್ರೆ ರೋಡಸ್ಟಾಲ್ಫ್ ಇರಬೇಕು. ಲ್ಯಾಬ್ ಲೆಕ್ಕ ಆಗೋವರೆಗೂ ‘ಇರಬೇಕು’ ಅಷ್ಟೇ, ಸರ್ ಓದ್ತಿದ್ರೆ ಕ್ಷಮಿಸಿ.

ಎರಡು ಎಕರೆ ಹೊಲ, ಎರಡು ಗಣದ ಮಣ್ಣು. ರಾಜ್ಯದ ಮಣ್ಣಿನ ನಕ್ಷೆ 1:2,50,000 ಅಳತೆಯದ್ದು, ಅದರಲ್ಲಿ ನಮ್ಮ ಹೊಲ ಅರ್ಧ ಮಿ.ಮೀ. ಕೂಡ ಆಗಲ್ಲ. ಪಹಣಿಯಲ್ಲಿ ನೋಡಿದ್ರೆ ಇಡೀ ಹೊಲಕ್ಕೆ ಮಣ್ಣಿನ ನಮೂನೆ ‘ಕೆಂಪು’, ಮುಗೀತು.

6/9

ಹಾಸ್ಟೆಲ್‌ಗೆ ವಾಪಸ್ ಬಂದಾಗ ರೂಮಿನವರಿಗೆ ಈ ಹುಚ್ಚು ಅಂಟಿಸಿದೆ. ಮೂರನೇ ಫೋಟೋದಲ್ಲಿರೋ ನಾಲ್ಕು ಹಾರ್ಲಿಕ್ಸ್ ಬಾಟಲಿ ಅದೇ. ಕೆ.ಆರ್. ನಗರದವಳದ್ದು ನಾಲೆ ಬಯಲಿನ ಗದ್ದೆ ಮಣ್ಣು. ಒಂದರಿಯಲ್ಲಿ ಒಂದು ಬಸವನಹುಳದ ಚಿಪ್ಪು ಬಿಟ್ರೆ ಏನೂ ಉಳೀಲಿಲ್ಲ. “ನಿಮ್ಮೂರಲ್ಲಿ ಮಣ್ಣಿಗೆ ಜಲ್ಲಿ ಕಲಸ್ತಾರೇನೇ?” ಅಂತ ಕೇಳಿದ್ಲು, ಚುಂಚನಕಟ್ಟೆ ಜಾತ್ರೆಲಿ ನಮ್ಮ ಕಡೆ ದನ ನೋಡಿ ಬಾಯಿ ಬಿಡೋರು ಇವರೇ. ಪಿರಿಯಾಪಟ್ಟಣದವಳದ್ದು ಹೊಗೆಸೊಪ್ಪಿನ ಹೊಲ, ಮರಳು ಮರಳು, ಹರಳು ಸ್ವಲ್ಪ. ವರ್ಜೀನಿಯಾ ಹೊಗೆಸೊಪ್ಪಿಗೆ ಅಂಥ ಹಗುರ ಮಣ್ಣೇ ಬೇಕು, ಸಾರಜನಕ ಜಾಸ್ತಿ ಇದ್ರೆ ಎಲೆಯ ಗುಣ ಕೆಡುತ್ತೆ. ಎಚ್.ಡಿ. ಕೋಟೆಯವಳ ಬಾಟಲಿಯಲ್ಲಿ ಕಪ್ಪು, ಭಾರದ ಕಲ್ಲು ಇತ್ತು, ನಮ್ಮ ಬೆಳ್ಳಗಿನ ಬೆಣಚು ಅಲ್ಲ. ಒಂದೇ ಜಿಲ್ಲೆ, ಪಕ್ಕಪಕ್ಕದ ತಾಲ್ಲೂಕು.

ಈಗ ನನ್ನ ಕಾರ್ಡಿನ ಲೆಕ್ಕ. ಲ್ಯಾಬ್‌ನವರು ಹೆಕ್ಟೇರಿಗೆ ಇಷ್ಟು ಕೆಜಿ ಅಂತ ಬರೀತಾರಲ್ಲ, ಅದು ಹೇಗೆ ಬರುತ್ತೆ? ಒಂದು ಹೆಕ್ಟೇರಿನ ಮೇಲಿನ 15 ಸೆಂ.ಮೀ.ನಲ್ಲಿ 22.4 ಲಕ್ಷ ಕೆಜಿ ಮಣ್ಣಿದೆ ಅಂತ ಇಟ್ಕೊಂಡು ಗುಣಿಸ್ತಾರೆ. ನಮ್ಮ ಮೇಲಿನ ಹೊಲದಲ್ಲಿ ಜಾಗದ ಅರ್ಧದ ಹತ್ತಿರ ಕಲ್ಲು. ಹಾಗಾದ್ರೆ ಅಲ್ಲಿರೋ ಮಣ್ಣು ಸುಮಾರು 12 ಲಕ್ಷ ಕೆಜಿ. ಕಾರ್ಡಲ್ಲಿ ಪೊಟ್ಯಾಷ್ 190 ಕೆಜಿ, ‘ಮಧ್ಯಮ’. ನಿಜಕ್ಕೂ ಇರೋದು 103ರ ಹತ್ತಿರ, ಅದು ‘ಕಡಿಮೆ’. ಪರೀಕ್ಷೆ ತಪ್ಪಲ್ಲ, ಗುಣಿಸಿದ ಅಂಕಿ ನಮ್ಮ ಹೊಲದ್ದಲ್ಲ.

ನೀರಿನ ಲೆಕ್ಕ ಇನ್ನೂ ಕೆಟ್ಟದಾಗಿದೆ. ಇಂಥ ಮಣ್ಣು ಒಂದು ಸೆಂ.ಮೀ. ದಪ್ಪಕ್ಕೆ ಗಿಡಕ್ಕೆ ಸಿಗೋ ನೀರು 1.2 ಮಿ.ಮೀ. ಹಿಡಿಯುತ್ತೆ ಅಂತ ಹಾಕ್ಕೊಂಡೆ. 34 ಸೆಂ.ಮೀ.ಗೆ 41 ಮಿ.ಮೀ. ಕಲ್ಲಿನ ಪಾಲು ಕಳೆದ್ರೆ 22. ಬೆಳೆ ದಿನಕ್ಕೆ ನಾಲ್ಕೈದು ಮಿ.ಮೀ. ಕುಡಿಯುತ್ತೆ. ಐದು ದಿನ ಮಳೆ ಕೈಕೊಟ್ರೆ ಸೊಪ್ಪು ಜೋಲು. ಕೆಳಗಿನ ಗುಂಡಿ ಇದೇ ಲೆಕ್ಕದಲ್ಲಿ 100 ಮಿ.ಮೀ. ಹತ್ತಿರ ಹಿಡಿಯುತ್ತೆ.

ಇದನ್ನೆಲ್ಲ ಅಪ್ಪನಿಗೆ ಫೋನಲ್ಲಿ ಹೇಳಿದೆ. ಪೊಟ್ಯಾಷ್ ಕಮ್ಮಿ ಇದ್ರೆ ಗೊಬ್ಬರ ಹಾಕನ ಬುಡು, ನೀರು ಸಾಲದಿದ್ರೆ ಡ್ರಿಪ್ ಹಾಕನ ಬುಡು, ಅಂದ್ರು. ಅದಕ್ಕೂ ಉತ್ತರ ಇತ್ತು ನೋಡಿ ಅವರ ಹತ್ರ. ಫೋನ್ ಇಟ್ಟೆ.

7/9

ಮುಂದಿನ ಶನಿವಾರವೇ ಬಸ್ ಹತ್ತಿದೆ. ಹಿಂದಿನ ದಿನ ಭರಣಿ ಮಳೆ ಒಂದು ಹದ ಬಿದ್ದಿತ್ತು, ದೊಡ್ಡದೇನಲ್ಲ. ಅಜ್ಜಿ ಹಸು ಹೊಡ್ಕೊಂಡು ಬೋರೆ ಕಡೆ ಹೊರಟಿದ್ರು, ನಾನೂ ಹೋದೆ.

“ಕೆಳಗೆ ಬದಿನ ಮೇಲೆ ಹುಲ್ಲಿಲ್ವಾ ಅಜ್ಜಿ, ಅಷ್ಟು ದೂರ ಯಾಕೆ?”

“ಬೋರೆ ಮೊದ್ಲು ಹಸ್ರಾಯ್ತದೆ ಕನ ಮಗ. ಕೆಳಗೆ ಇನ್ನೆಲ್ಡು ಮಳೆ ಆಗ್ಬೇಕು.”

ಇದು ನನಗೆ ಗೊತ್ತಿದ್ದ ಮಾತೇ, ಯಾಕೆ ಅಂತ ಯೋಚಿಸಿರಲಿಲ್ಲ ಅಷ್ಟೇ. ಅಲ್ಲೇ ನಿಂತು ಮೊಬೈಲಲ್ಲಿ ಲೆಕ್ಕ ಹಾಕಿದೆ. 10 ಮಿ.ಮೀ. ಮಳೆ ಕಲ್ಲಿಲ್ಲದ ಒಣಮಣ್ಣಿಗೆ ಬಿದ್ರೆ ಎಂಟು ಸೆಂ.ಮೀ. ಇಳಿದು ನಿಲ್ಲುತ್ತೆ. ಅರ್ಧ ಕಲ್ಲೇ ಇರೋ ಮಣ್ಣಲ್ಲಿ ಅದೇ ನೀರು ಹದಿನೈದು ಸೆಂ.ಮೀ. ಇಳಿಯುತ್ತೆ, ಯಾಕಂದ್ರೆ ನೆನೆಯಬೇಕಾದ ಮಣ್ಣೇ ಕಮ್ಮಿ. ಮೇಲಿರೋ ಕಲ್ಲು ಬಿಸಿಲಿಗೆ ಮರೆಯಾಗಿ, ಆ ನೀರು ಆರೋದನ್ನ ತಡೆಯುತ್ತೆ. ಕರಡದ ಹುಲ್ಲಿನ ಬೇರಿಗೆ ಅಷ್ಟು ಸಾಕು. ಶುಂಠಿಗೆ ಐದು ದಿನದ ನೀರು ಸಾಲದ ಅದೇ ನೆಲ, ಹುಲ್ಲಿಗೆ ಒಂದು ಸಣ್ಣ ಮಳೆಯಲ್ಲೇ ಜೀವ ಕೊಡುತ್ತೆ. ದೋಷ ಅಂತ ನಾನು ಬರ್ಕೊಂಡಿದ್ದ ಕಲ್ಲೇ ಅದಕ್ಕೆ ಕಾರಣ.

ಪಕ್ಕದಲ್ಲಿ ದೊಡ್ಡಪ್ಪನ ಹೊಲ. ಎರಡು ವರ್ಷದ ಹಿಂದೆ ಅವರು ಕಲ್ಲು ಎತ್ತಿಸಿದ್ರು. ನಾಲ್ಕನೇ ಫೋಟೋ ನೋಡಿ, ಜೂಮ್ ಮಾಡಿ. ಮಳೆ ಹನಿಗೆ ಅಡ್ಡ ಇರೋ ಕಲ್ಲು ಹೋದ ಮೇಲೆ ಮೇಲ್ಮಣ್ಣು ಹೊಡೆತ ತಿಂದು ಹಪ್ಪಳದ ಹಾಗೆ ಗಟ್ಟಿ ಕಟ್ಟಿದೆ, ನೀರು ಇಂಗದೆ ಬೆರಳಗಲದ ಕೊರಕಲು ಕೊರೆದಿದೆ, ಮಣ್ಣೆಲ್ಲ ಕೆಳಗಿನ ಬದುವಿಗೆ ಬಂದು ಕೂತಿದೆ. ಮತ್ತೆ ಮೇಲೆ ಕಲ್ಲೇ ಕಲ್ಲು. “ಕಲ್ಲು ಬೆಳೀತವೆ” ಅಂತ ಊರಲ್ಲಿ ಹೇಳ್ತಾರಲ್ಲ, ಸುಳ್ಳಲ್ಲ, ನೋಡೋರಿಗೆ ಹಾಗೇ ಕಾಣುತ್ತೆ. ಮಣ್ಣು ಇಳಿದು ಹೋಗ್ತಾ ಇದ್ರೆ ಕಲ್ಲು ಎದ್ದು ಬಂದ ಹಾಗೇ.

ದೊಡ್ಡಪ್ಪ ಇದರ ಬಗ್ಗೆ ಯಾರ ಹತ್ರಾನೂ ಮಾತಾಡಲ್ಲ. ಸೋತ ಬೆಳೆ ಬಗ್ಗೆ ನಮ್ಮ ಕಡೆ ಯಾರೂ ಮಾತಾಡಲ್ಲ, ಗೆದ್ದ ಶುಂಠಿ ಬಗ್ಗೆ ಮಾತ್ರ ಟೀ ಅಂಗಡಿಯಲ್ಲಿ ಕೇಳಿಸುತ್ತೆ.

8/9

ಇದು ಸ್ವಲ್ಪ ಅಡ್ಡದಾರಿ, ಇಷ್ಟ ಇಲ್ಲದವರು ಮುಂದಿನದಕ್ಕೆ ಹೋಗಿ.

ರೆವಿನ್ಯೂ ಭಾಷೆಯಲ್ಲಿ ಸಾಗುವಳಿಗೆ ಬಾರದ ಭೂಮಿಗೆ ‘ಖರಾಬು’ ಅಂತಾರೆ. ಎಂಥಾ ಪದ! ಮಣ್ಣುಶಾಸ್ತ್ರದವರು ಇಷ್ಟು ಒರಟಲ್ಲ. ಭೂ ಸಾಮರ್ಥ್ಯ ವರ್ಗೀಕರಣದಲ್ಲಿ ಎಂಟು ದರ್ಜೆ. ಒಂದರಿಂದ ನಾಲ್ಕು ಉಳುಮೆಗೆ, ಐದರಿಂದ ಎಂಟು ಹುಲ್ಲು, ಮರ, ಕಾಡುಪ್ರಾಣಿಗೆ. ನಮ್ಮ ಮೇಲಿನ ಹೊಲ ಆರನೇ ದರ್ಜೆ ಅಂತ ನಾನು ಹಾಕಿದೆ. ಆರು ಅಂದ್ರೆ ಫೇಲ್ ಅಲ್ಲ. ಮೇವಿಗೆ ಸರಿಯಾದ ನೆಲ, ನೇಗಿಲು ಮುಟ್ಟಿಸಬೇಡಿ ಅಂತ.

ಹಳಬರಿಗೆ ಇದು ಗೊತ್ತಿತ್ತು ಅನ್ಸುತ್ತೆ. ಮೈಸೂರು ಅರಸರ ಬೆಣ್ಣೆ ಚಾವಡಿ, ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಆಯ್ತಲ್ಲ, ಆ ದನಗಳಿಗೆ ಅಂತಲೇ ಕಾವಲು ಭೂಮಿಗಳಿದ್ದವು. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ. ಯಾವ ನೆಲ ಯಾವಾಗ ಹಸಿರಾಗುತ್ತೆ ಅನ್ನೋದನ್ನ ನೋಡಿಯೇ ಮಾಡಿದ ವಿಂಗಡಣೆ ಅದು, ಅಜ್ಜಿ ಮಾಡೋದೂ ಅದನ್ನೇ. ಹತ್ತೊಂಬತ್ತನೇ ಶತಮಾನದಲ್ಲಿ ಆ ಇಲಾಖೆಯ ಕೇಂದ್ರ ನಮ್ಮ ಹುಣಸೂರಲ್ಲೇ ಇತ್ತು. 1800ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಪಿರಿಯಾಪಟ್ಟಣಕ್ಕೂ ಬಂದಿದ್ದ. ರೈತರು ಹೇಳಿದ ಎರೆ, ಕೆಬ್ಬೆ, ಮರಳು ಅನ್ನೋ ಹೆಸರುಗಳನ್ನ ಬರ್ಕೊಂಡು ಹೋಗಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ. ಆಲ್ಫಿಸಾಲ್ ಅನ್ನೋ ಪದ ಹುಟ್ಟೋಕೆ ಒಂದೂವರೆ ಶತಮಾನ ಮೊದಲೇ ಕೆಬ್ಬೆ ಇತ್ತು.

ಗೋಮಾಳಕ್ಕೂ ಒಂದು ಲೆಕ್ಕ ಇದೆ. ರಾಜ್ಯದ ಭೂ ಕಂದಾಯ ನಿಯಮದ ಪ್ರಕಾರ ನೂರು ದನಕ್ಕೆ 12 ಹೆಕ್ಟೇರ್, ಅಂದ್ರೆ 30 ಎಕರೆ ಬಿಡಬೇಕು. ನಮ್ಮೂರಲ್ಲಿ ದನ ಕಮ್ಮಿ ಆದ ಹಾಗೆ ಗೋಮಾಳ ಯಾಕೆ ಬೇಕು ಅನ್ನೋ ಮಾತು ಜಾಸ್ತಿ ಆಗಿದೆ. ಗೋಮಾಳ ಕಮ್ಮಿ ಆದ ಹಾಗೆ ದನ ಕಮ್ಮಿ ಆಯ್ತು ಅಂತ ಅಜ್ಜಿ ಹೇಳ್ತಾರೆ. ಯಾವುದು ಮೊದಲು ಅಂತ ನನಗೆ ತೀರ್ಮಾನ ಮಾಡೋಕೆ ಆಗಿಲ್ಲ.

9/9

ಆ ಭಾನುವಾರ ಅಪ್ಪನನ್ನ ಗುಂಡಿ ಹತ್ರ ಕರ್ಕೊಂಡು ಹೋದೆ. ಪೊಟ್ಯಾಷ್ ಮಾತು ತೆಗೀಲಿಲ್ಲ. ಅಪ್ಪನಿಗೆ ಗೊತ್ತಿರೋ ಅಳತೆಯಲ್ಲಿ ಹೇಳೋಣ ಅಂತ ಎರಡೇ ಲೆಕ್ಕ ಇಟ್ಕೊಂಡಿದ್ದೆ.

“ಅಪ್ಪ, ಮೇಲಿನ ಒಂದೂಕಾಲು ಎಕರೆಯಲ್ಲಿ ಬಂಡೆವರೆಗಿನ ಕಲ್ಲು ಎತ್ತಿದ್ರೆ ಕಮ್ಮಿ ಅಂದ್ರೂ 280 ಟ್ರ್ಯಾಕ್ಟರ್ ಲೋಡು.”

ಅಪ್ಪ ಬೀಡಿ ಹಚ್ಚಿದ್ರು. ಲೋಡಿಗೆ ಎಷ್ಟು ಅಂತ ಅವರ ತಲೆಯಲ್ಲಿ ಓಡ್ತಾ ಇದ್ದದ್ದು ನನಗೆ ಕಾಣ್ತಿತ್ತು.

“ಎತ್ತಿ ಆದ್ಮೇಲೆ?”

ಗುಂಡಿ ಗೋಡೆಗೆ ಗೇಣು ಹಾಕಿ ತೋರಿಸಿದೆ. ಈಗ ಇರೋದು ಒಂದೂವರೆ ಗೇಣು, 34 ಸೆಂ.ಮೀ. ಅದರಲ್ಲಿ ಕಲ್ಲಿನ ಜಾಗ ಕಳೆದು ಮಣ್ಣನ್ನ ತಟ್ಟಿ ಹಾಸಿದ್ರೆ ಉಳಿಯೋದು 18 ಸೆಂ.ಮೀ. ಒಂದು ಗೇಣೂ ಇಲ್ಲ. ಅದರ ಕೆಳಗೆ ಬಂಡೆ.

ಅಪ್ಪ ಗುಂಡಿಗೆ ಇಳಿದ್ರು. ಹಾರೆ ತಗೊಂಡು ತಾವೇ ಒಂದು ಸಲ ಹಾಕಿದ್ರು, ಠಣ್ ಅಂತು. ಇನ್ನೊಂದು ಮೂಲೆಯಲ್ಲಿ ಹಾಕಿದ್ರು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು, “ಕಾರ್ಡ್ನಲ್ಲಿ ಇದ್ನ ಯಾಕೆ ಬರೀನಿಲ್ಲ?” ಅಂದ್ರು.

“ಕಲ್ಲು ಎಸೆದು ಕಳ್ಸಿದ್ದು ನಾನೇ ಅಪ್ಪ.”

ಬೈತಾರೆ ಅಂದ್ಕೊಂಡೆ. ಬೈಲಿಲ್ಲ. ಕಲ್ಲು ಆರಿಸದೆ ಮಣ್ಣು ಕೊಟ್ರೆ ಅವರೇ ಎಸೀತಿದ್ರಲ್ವಾ ಅಂತ ಕೇಳಿದ್ರು. ಹೌದು ಅಂದೆ. ಸರಿ ಅಂದ್ರು, ಅಷ್ಟೇ.

ಜೆಸಿಬಿಯವರಿಗೆ ಕೊಟ್ಟಿದ್ದ ಅಡ್ವಾನ್ಸ್ ವಾಪಸ್ ಬರಲಿಲ್ಲ. ಅದರ ಬದಲು ಕೆಳಗಿನ ಮುಕ್ಕಾಲು ಎಕರೆಗೆ ಬದು ಹಾಕಿಸಿಕೊಂಡ್ವಿ. ಅಲ್ಲಿ ರಾಗಿ, ಅಕ್ಕಡಿಗೆ ಅವರೆ. ಶುಂಠಿ ಆಸೆ ಅಪ್ಪನಿಗೆ ಪೂರ್ತಿ ಹೋಗಿಲ್ಲ, ಕೆಳಗಿನ ನೆಲಕ್ಕೆ ಮುಂದಿನ ವರ್ಷ ನೋಡಣ ಅಂತಿದ್ದಾರೆ, ನನಗೂ ಅದನ್ನ ಬೇಡ ಅನ್ನೋಕೆ ಮಣ್ಣಿನ ಕಡೆಯಿಂದ ಕಾರಣ ಸಿಕ್ಕಿಲ್ಲ. ಸರ ಅಮ್ಮನ ಕತ್ತಲ್ಲೇ ಇದೆ. ಮೇಲಿನ ಒಂದೂಕಾಲು ಎಕರೆ ಹುಲ್ಲಿಗೆ ಬಿಟ್ಟಿದ್ದೀವಿ. ದುಡ್ಡು ತರದ ನೆಲ ಅಂತ ಅಪ್ಪ ಗೊಣಗೋದು ನಿಂತಿಲ್ಲ.

ಕೊನೆಯ ಫೋಟೋ ಮೊನ್ನೆಯದ್ದು. ಹಸು ಕಾಲು ಹಾಕಿಬಿಡುತ್ತೆ ಗುಂಡಿ ಮುಚ್ಚು ಅಂತ ಅಜ್ಜಿ ಹಟ ಹಿಡಿದ್ರು. ಜರಡಿ ಹಿಡಿದ ಮಣ್ಣು ಬೇರೆ, ಕಲ್ಲು ಬೇರೆ ಗುಡ್ಡೆ ಇತ್ತು. ಮೊದಲು ಕಲ್ಲು ಹಾಕಿದೆ, ಮೇಲೆ ಮಣ್ಣು ಎಳೆದೆ. “ಅಂಗಲ್ಲ” ಅಂತ ಅಜ್ಜಿ ಅರ್ಧ ಮಣ್ಣು ತೆಗೆಸಿ, ಕೈಯಾರೆ ಕಲ್ಲು ಬೆರೆಸಿ ಬೆರೆಸಿ ಹಾಕಿ, ಕೊನೆಗೆ ಮೇಲೆ ಒಂದು ಪದರ ಬೆಣಚು ಹಾಸಿದ್ರು. ಒಂದರಿ ಹೊಸದು ತಂದುಕೊಟ್ಟಿದ್ದೀನಿ, ಹುಣಸೂರು ಸಂತೆಯಿಂದ. ತೂತು ದೊಡ್ಡದಾಯ್ತು ಅಂತ ಅದಕ್ಕೂ ಬೈಸ್ಕೊಂಡೆ.